ಪ್ರಾಥಮಿಕ ಶಾಲೆಯ ಕಡೆಯ ವರ್ಷದ ವಿದ್ಯೆ

ಅಧ್ಯಯನವನ್ನು ಮುಗಿಸಿ ಗುರುಕುಲದಿಂದ ಮನೆಗೆ ಹಿಂದಿರುಗುವ ಶಿಷ್ಯನಿಗೆ ನಡೆಯುವ ಸಂಸ್ಕಾರಕ್ಕೆ ಸಮಾವರ್ತನವೆಂದು ಹೆಸರು. ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ಆಚಾರ್ಯನು ಶಿಷ್ಯನನ್ನು ಬೀಳ್ಕೊಡುವಾಗ ಮಾಡುವ ಅನುಶಾಸನವು ಪ್ರಸಿದ್ಧವಾದುದು. ಆ ಕಡೆಯ ಗಳಿಗೆಯಲ್ಲಿ ಆಚಾರ್ಯನು ಹೊಸದಾಗಿ ಯಾವ ಶಾಸ್ತ್ರವನ್ನೂ ಹೇಳಿಕೊಡುವುದಿಲ್ಲ. ಕಲಿತುದನ್ನು ಬಾಳಿನಲ್ಲಿ ಹೇಗೆ ಸಲ್ಲಿಸಬೇಕು, ಏನನ್ನು ಬಿಡಬಾರದು, ಯಾರನ್ನು ಮರೆಯಬಾರದು ಎಂಬುದಿಷ್ಟನ್ನೇ ಹೇಳುತ್ತಾನೆ. ದಾರಿಗೆ ಹೊರಟವನ ಕೈಗೆ ಬುತ್ತಿಯನ್ನು ಕೊಡುವಂತೆ ಆ ಉಪದೇಶವು ಇದೆ. ಯಾವ ವಿದ್ಯಾಪದ್ಧತಿಯನ್ನಾದರೂ ಪರೀಕ್ಷಿಸಬೇಕಾದರೆ ಅದರ ಆರಂಭವನ್ನು ನೋಡುವುದಕ್ಕಿಂತ ಅದರ ಮುಕ್ತಾಯವನ್ನು ನೋಡುವುದು ಮೇಲು. ಅಕ್ಷರಾಭ್ಯಾಸವು ಎಲ್ಲ ಕಾಲದಲ್ಲಿಯೂ ಒಂದೇ ಬಗೆಯದು. ಬೀಳ್ಕೊಡುವಾಗ ಕಟ್ಟಿಕೊಡುವ ಬುತ್ತಿ ಮಾತ್ರ ಕಾಲಕಾಲಕ್ಕೆ ಬೇರೆ.

ಬೆಂಗಳೂರಿನ ಉತ್ತರಕ್ಕೆ, ಯಲಹಂಕ ಹೋಬಳಿಗೆ ಸೇರಿದ ಜಕ್ಕೂರೆಂಬ ಗ್ರಾಮವಿದೆ. ಸುಮಾರು 160 ಎಕರೆ ವಿಸ್ತಾರದ ಕೆರೆಯೂ, ಅದರ ಸುತ್ತ ರಾಗಿಯ ಹೊಲಗಳೂ ಇದ್ದ ಊರು ಅದು. ಇಂಥ ಊರಿನ ಮಗುವೊಂದು ಪ್ರಾಥಮಿಕ ವಿದ್ಯೆಯ ಕಡೆಯ ಮೆಟ್ಟಿಲಿನಲ್ಲಿ ಏನನ್ನು ಕಲಿಯುತ್ತಿದ್ದಿತು, ಈಗ ಏನನ್ನು ಕಲಿಯುತ್ತದೆ, ಈ ಎರಡರ ನಡುವೆ ಬಂದುದೇನು, ಹೋದುದೇನು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ಒಂದು ಗ್ರಾಮದ ಕಥೆ ಒಂದು ಗ್ರಾಮದ್ದು ಮಾತ್ರವಲ್ಲ. ಹೋಬಳಿಯ ಶಾಲೆ ಹೇಗಿದ್ದಿತೋ ಸಂಸ್ಥಾನದ ಶಾಲೆಗಳೆಲ್ಲ ಹಾಗೆಯೇ ಇದ್ದುವು. ಸಂಸ್ಥಾನದ ಆಚೆಯ ಕನ್ನಡ ಸೀಮೆಗಳಲ್ಲಿಯೂ ಹೆಸರುಗಳು ಬೇರೆಯಾದುವೇ ಹೊರತು ವಸ್ತು ಬಹುಮಟ್ಟಿಗೆ ಒಂದೇ ಆಗಿದ್ದಿತು.

ಸರ್ಕಾರದ ಶಾಲೆಗಳು ಹುಟ್ಟುವುದಕ್ಕೆ ಮೊದಲು ಕನ್ನಡ ನಾಡಿನಲ್ಲೆಲ್ಲ ನಡೆಯುತ್ತಿದ್ದುವು ಕೂಲಿಮಠಗಳು. ಉಪಾಧ್ಯಾಯನಿಗೆ ಐಗಳೆಂದು ಹೆಸರಾದುದರಿಂದ ಐಗಳ ಮಠವೆಂದೂ, ಉತ್ತರದ ಕಡೆ ಗಾಂವಟಿ ಶಾಲೆಯೆಂದೂ ಜನರು ಕರೆಯುತ್ತಿದ್ದರು. ಯಾವನೋ ಗೃಹಸ್ಥನ ಜಗುಲಿಯೋ, ಗುಡಿಯ ಅಂಗಳವೋ ಪಾಠಶಾಲೆ. ಮಕ್ಕಳ ಮನೆಯವರು ಕೊಡುವ ಹಣವೂ ಧಾನ್ಯವೂ ಐಗಳಿಗೆ ಜೀವನ. ಈ ಮಠಗಳಲ್ಲಿ ಏನು ನಡೆಯುತ್ತಿದ್ದಿತೆಂಬುದಕ್ಕೆ ಅತಿ ವಿಶದವಾದ ಸಾಕ್ಷ್ಯವು ಬಳ್ಳಾರಿಯಿಂದ ದೊರೆಯುತ್ತದೆ. ಮದರಾಸಿನ ಗವರ್ನರಾಗಿದ್ದ ಸರ್ ಥಾಮಸ್ ಮನ್ರೋ 1822ರಲ್ಲಿ ತನ್ನ ಆಧಿಪತ್ಯದ ಜಿಲ್ಲೆಗಳಲ್ಲಿರುವ ಶಾಲೆಗಳ ವಿವರವನ್ನು ಕಳುಹಿಸಬೇಕೆಂದು ಕಲೆಕ್ಟರುಗಳಿಗೆ ಆಜ್ಞಾಪಿಸಿದನು. ಬಳ್ಳಾರಿಯ ಕಲೆಕ್ಟರಾದ ಏ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್ ತಿಂಗಳಲ್ಲಿ ಬರೆದ ಉತ್ತರವು ಉಳಿದ ಕಲೆಕ್ಟರುಗಳ ಉತ್ತರಗಳಿಗಿಂತ ದೀರ್ಘವಾದುದು, ಕಣ್ಣಾರೆ ನೋಡಿದಂತೆ ಬರೆದುದು. ಅವನ ಜಿಲ್ಲೆಯಲ್ಲಿ 533 ಶಾಲೆಗಳಿದ್ದುವು. ಅವುಗಳಲ್ಲಿ 235 ಕನ್ನಡ ಶಾಲೆಗಳು, 226 ತೆಲುಗು ಶಾಲೆಗಳು, ಉಳಿದುವು ಮರಾಠಿ, ಪಾರಸಿ, ತಮಿಳು, ಸಂಸ್ಕೃತಾದಿಗಳವು. ಇಂಗ್ಲಿಷ್ ಶಾಲೆ ಒಂದೇ ಒಂದು. ಬಳ್ಳಾರಿಯು ಜಕ್ಕೂರಿಗೆ ದೂರವಾದರೂ ಬೆಂಗಳೂರು ಸೀಮೆಯ ಕೂಲಿಮಠಗಳು ಇದೇ ಕುಲದವಾದುದರಿಂದ ಆ ವರದಿಯನ್ನು ಇಲ್ಲಿ ಆಧಾರವಾಗಿ ಹಿಡಿಯಬಹುದು.

ಐದನೆಯ ವಯಸ್ಸಿನಲ್ಲಿ ಗಣಪತಿಯ ಮುಂದೆ ಕುಳಿತು ಅಕ್ಕಿಯ ಮೇಲೆ ಬೆರಳಿನಿಂದ ಬರೆಯುವುದರೊಡನೆ ಮಗುವಿನ ವಿದ್ಯೆ ಮೊದಲಾಗುತ್ತಿದ್ದಿತು. ಆಮೇಲೆ ಮರಳು, ಮರಳಿನ ಬಳಿಕ ಹಲಗೆ, ಕಡತ. ಒಂದಡಿ ಅಗಲ, ಮೂರಡಿ ಉದ್ದದ ಮರದ ಹಲಗೆಗೆ ಅನ್ನವನ್ನೂ ಇದ್ದಲ ಪುಡಿಯನ್ನೂ ಬಳಿದರೆ ಅದೇ ಬರೆಯುವ ಪಾಟಿ. ಗಂಜಿ ಹಾಕಿ ಬಿರುಸು ಮಾಡಿದ ಬಟ್ಟೆಯನ್ನು ಪುಸ್ತಕದಂತೆ ಮಡಿಸಿ, ಇದ್ದಲಿನ ಕಪ್ಪನ್ನೂ ಅಂಟನ್ನೂ ಬಳಿದುದು ಕಡತ. ಬಳಪದಿಂದ ಬರೆದು ಒದ್ದೆಯ ಬಟ್ಟೆಯಿಂದ ಒರಸಿದರೆ ಮತ್ತೆ ಹೊಸದು. ಬೆಳಗ್ಗೆ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯವನ ಕೈಗೆ ಸೊನ್ನೆ. ಮೂರನೆಯವನಿಗೆ ಮೆಲ್ಲನೆ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು, ಹೀಗೆ ತಡವಾದಷ್ಟೂ ಏಟು ಹೆಚ್ಚುತ್ತಿದ್ದುವು. ಮುಂದುವರಿದ ಹುಡುಗರು ಚಿಕ್ಕವರಿಗೆ ಹೇಳಿಕೊಡುವ ಪದ್ಧತಿಯಿದ್ದುದರಿಂದ ಒಬ್ಬನೇ ಐಗಳು ಬೇರೆ ಬೇರೆ ಮಟ್ಟದ ಮಕ್ಕಳನ್ನು ಒಟ್ಟಿಗೆ ನಡೆಸುತ್ತಿದ್ದನು. ಈ ಏರ್ಪಾಡನ್ನು ಕ್ಯಾಂಪ್‌ಬೆಲ್ ಮೆಚ್ಚಿಕೊಂಡಿದ್ದಾನೆ.

ಮುಖ್ಯವಾದುದು ಇನ್ನು ಮುಂದಿನದು. ವರ್ಣಮಾಲೆ, ಕಾಗುಣಿತ, ಒತ್ತಕ್ಷರ, ಊರು ಮನುಷ್ಯರ ಹೆಸರುಗಳು, ಕೂಡುವುದು ಕಳೆಯುವುದು, ಮಗ್ಗಿ ಇಷ್ಟೂ ಮುಗಿದ ಮೇಲೆ ಮಠವನ್ನು ಬಿಡುವ ಮುನ್ನ ಹುಡುಗನಿಗೆ ಕಲಿಸುತ್ತಿದ್ದ ಪಾಠಗಳು ನಾಲ್ಕು ಬಗೆ. ಮೊದಲನೆಯದು ಭಿನ್ನರಾಶಿ. ಇದು ಹತ್ತು ಹತ್ತರಂತೆ ಇಳಿಯದೆ ನಾಲ್ಕು ನಾಲ್ಕರಂತೆ ಇಳಿಯುವ ಲೆಕ್ಕ: ಒಂದರಲ್ಲಿ ನಾಲ್ಕನೆಯ ಭಾಗ ಕಾಲು, ಕಾಲಿನಲ್ಲಿ ನಾಲ್ಕನೆಯ ಭಾಗ ವೀಸ, ವೀಸದಲ್ಲಿ ನಾಲ್ಕನೆಯ ಭಾಗ ಕಾಣಿ. ಅಂದರೆ ವೀಸವು ಹದಿನಾರನೆಯ ಒಂದು, ಕಾಣಿಯು ಅರುವತ್ತನಾಲ್ಕನೆಯ ಒಂದು ಪಾಲು. ಎರಡನೆಯದು, ಬೇರೆ ಬೇರೆ ಜನರ ಕೈಬರಹವನ್ನು ಓದುವ ಅಭ್ಯಾಸ. ಐಗಳು ಅಲ್ಲಿ ಇಲ್ಲಿ ಸಂಪಾದಿಸಿ ಇಟ್ಟುಕೊಂಡಿದ್ದ ಹಳೆಯ ಕಾಗದಗಳನ್ನೂ ಸರ್ಕಾರದ ಪತ್ರಗಳನ್ನೂ ಹುಡುಗರ ಮುಂದೆ ಹರಡಿ ಓದಿಸುತ್ತಿದ್ದನು. ಮೂರನೆಯದು, ಕಾಗದ ಬರೆಯುವ ಕ್ರಮ ಮತ್ತು ಕರಾರು ಪತ್ರಗಳ ಒಕ್ಕಣೆ. ನಾಲ್ಕನೆಯದು, ಕಥೆಗಳ ವಾಚನವೂ ಕಾವ್ಯಗಳ ಕಂಠಪಾಠವೂ. ಕಂಠಪಾಠದ ಉದ್ದೇಶವು ಉಚ್ಚಾರಣೆ ಸ್ಪಷ್ಟವಾಗಬೇಕು, ಯಾವ ಗ್ರಂಥವನ್ನು ಕೊಟ್ಟರೂ ತಡವರಿಸದೆ ಓದಬೇಕು ಎಂಬುದು.

ಈ ನಾಲ್ಕರಲ್ಲಿ ಎರಡನೆಯದು ವಿಶೇಷವಾಗಿ ಗಮನಿಸತಕ್ಕದ್ದು. ಅಚ್ಚಿನ ಪುಸ್ತಕವಿಲ್ಲದ ಕಾಲದಲ್ಲಿ ಓದು ಎಂದರೆ ಕೈಬರಹದ ಓದೇ ಸರಿ. ಶಾನುಭೋಗರ ಮೋಡಿ ಅಕ್ಷರವನ್ನು ಓದಲಾರದವನು ತನ್ನ ಹೊಲದ ಕಂದಾಯವೆಷ್ಟೆಂದು ತಾನೇ ತಿಳಿಯಲಾರನು. ಸಾಹುಕಾರನ ಸಾಲಪತ್ರದ ಒಳಗೇನಿದೆಯೆಂದು ತಿಳಿಯದೆ ಕೈಗುರುತು ಹಾಕುವನು. ಹೀಗಿರುವುದರಿಂದ ಐಗಳು ಹಳೆಯ ಕಾಗದದ ಕಟ್ಟನ್ನು ಬಿಚ್ಚಿದುದು ಕಾಲಹರಣಕ್ಕಲ್ಲ. ಹುಡುಗನು ನಾಳೆ ಮಠವನ್ನು ಬಿಟ್ಟು ಹೋಗುವವನು. ಮುಂದೆ ಅವನಿಗೆ ಹೇಳಿಕೊಡುವವರು ಯಾರೂ ಇಲ್ಲ. ಮೋಸಹೋಗದಿರುವಷ್ಟು ಸಾಮರ್ಥ್ಯವನ್ನು ಈಗಲೇ ಕೊಡಬೇಕು. ಕಡೆಯ ವರ್ಷದ ಪಾಠವು ಬಾಳಿನ ಕಡೆಯವರೆಗೆ ಬರಬೇಕೆಂಬ ಎಣಿಕೆ ಅಲ್ಲಿ ಇದ್ದಿತು.

ಈ ಪದ್ಧತಿಯ ದೋಷಗಳನ್ನು ಕ್ಯಾಂಪ್‌ಬೆಲ್ ಮುಚ್ಚಿಡಲಿಲ್ಲ. ಹುಡುಗರು ನೂರಾರು ಪದ್ಯಗಳನ್ನು ಒಪ್ಪಿಸುತ್ತಾರೆ, ಆದರೆ ಕಾವ್ಯದ ಭಾಷೆ ಬೇರೆ, ಆಡುವ ಭಾಷೆ ಬೇರೆಯಾದುದರಿಂದ ಅವುಗಳ ಅರ್ಥವು ಗಿಣಿಗೆ ತಿಳಿದಷ್ಟೇ ಅವರಿಗೂ ತಿಳಿದಿರುವುದೆಂದು ಅವನು ಹೇಳಿದ್ದಾನೆ. ಬಡತನದ ದೆಸೆಯಿಂದ ಐದು ವರ್ಷ ತುಂಬುವುದರೊಳಗೆ ಎಷ್ಟೋ ಮಕ್ಕಳನ್ನು ತಂದೆತಾಯಿಗಳು ಬಿಡಿಸಿಕೊಂಡು ಹೋಗುತ್ತಿದ್ದರು. ಅನುಕೂಲಸ್ಥರ ಮಕ್ಕಳು ಮಾತ್ರ ಹದಿನಾಲ್ಕು ಹದಿನೈದು ವಯಸ್ಸಿನವರೆಗೆ ಮುಂದುವರಿಯುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ಕೊರತೆಯನ್ನು ಅಂಕಿಗಳೇ ಹೇಳುತ್ತವೆ. ಒಂಬತ್ತು ಲಕ್ಷಕ್ಕೆ ಮೀರಿದ ಜನಸಂಖ್ಯೆಯ ಆ ಜಿಲ್ಲೆಯಲ್ಲಿ ಶಾಲೆಗೆ ಬರುತ್ತಿದ್ದ ಮಕ್ಕಳು 6,641. ಅವರಲ್ಲಿ ಹೆಣ್ಣುಮಕ್ಕಳು 60. ಐಗಳ ಬುತ್ತಿ ಸತ್ತ್ವವುಳ್ಳದ್ದು ನಿಜ. ಅದನ್ನು ಉಣ್ಣುವ ಭಾಗ್ಯವು ನೂರಕ್ಕೆ ಒಬ್ಬರಿಗೂ ಇರಲಿಲ್ಲ. ಹಿಂದಿನದನ್ನು ಹೊಗಳುವವರು ಈ 60ರ ಅಂಕಿಯನ್ನು ಮರೆಯಬಾರದು.

ಮೈಸೂರು ಸೀಮೆಯಲ್ಲಿ ವಿದ್ಯಾ ಇಲಾಖೆಯು 1857ರಲ್ಲಿ ಏರ್ಪಟ್ಟಿತು. ಹಳ್ಳಿಯ ಮಕ್ಕಳಿಗೆ ಅದರ ಫಲವು ಮುಟ್ಟಿದುದು 1868ರಲ್ಲಿ ಹೋಬಳಿ ಶಾಲೆಗಳ ಯೋಜನೆಯು ಮೊದಲಾದ ಮೇಲೆ. ಇದರ ಕರ್ತೃ ಬಿ. ಎಲ್. ರೈಸ್. ಶಾಸನಗಳ ಸಂಪಾದಕನೆಂದೇ ಈತನ ಹೆಸರು ಕನ್ನಡಿಗರಲ್ಲಿ ಪ್ರಖ್ಯಾತವಾದರೂ, ಶಾಸನಗಳ ಕೆಲಸಕ್ಕೆ ಮುನ್ನ ವಿದ್ಯಾ ಇಲಾಖೆಯಲ್ಲಿದ್ದು ಈತನು ಮಾಡಿದ ಕೆಲಸವು ಅದಕ್ಕೆ ಕಡಿಮೆಯಾದುದಲ್ಲ. ತಾಲ್ಲೂಕಿಗಿಂತ ಚಿಕ್ಕದಾಗಿ, ಗ್ರಾಮಕ್ಕಿಂತ ದೊಡ್ಡದಾಗಿರುವ ಕಂದಾಯದ ವಿಭಾಗಕ್ಕೆ ಹೋಬಳಿಯೆಂದು ಹೆಸರು. ಹೋಬಳಿಗೊಂದು ಶಾಲೆ, ಅದಕ್ಕೆ ತರಬೇತಾದ ಉಪಾಧ್ಯಾಯ, ಕನ್ನಡದಲ್ಲಿ ಪಾಠ ಎಂಬುದು ಯೋಜನೆಯ ಸಾರ. ಯಲಹಂಕದಂಥ ಹೋಬಳಿಯ ಹಳ್ಳಿಗಳ ಮಕ್ಕಳು ನಡೆದು ಹೋಗಿ ಬರುವಷ್ಟು ಸಮೀಪದಲ್ಲಿ ಸರ್ಕಾರದ ವಿದ್ಯೆ ದೊರೆಯಬೇಕೆಂಬ ಎಣಿಕೆಯು ಇದರಿಂದ ಮೊದಲಾಯಿತು.

ಹೋಬಳಿ ಶಾಲೆಯೊಡನೆ ಎರಡು ಹೊಸ ವಸ್ತುಗಳು ಹಳ್ಳಿಗೆ ಬಂದುವು: ಅಚ್ಚಿನ ಪುಸ್ತಕ ಮತ್ತು ಭೂಪಟ. ಮಂಗಳೂರಿನ ಬಾಸೆಲ್ ಮಿಷನ್ನಿನವರು 1841ರಲ್ಲಿ ಸ್ಥಾಪಿಸಿದ ಮುದ್ರಣಾಲಯವೂ, ಬೆಂಗಳೂರಿನ ಮುದ್ರಣಾಲಯಗಳೂ ಕನ್ನಡ ಪಾಠಪುಸ್ತಕಗಳನ್ನು ಅಗ್ಗವಾಗಿ ಒದಗಿಸಿದುವು. ಗದ್ಯವನ್ನು ಓದಿ ಅರ್ಥ ಹೇಳುವುದು ಪಾಠದ ಅಂಗವಾಯಿತು. ಕ್ಯಾಂಪ್‌ಬೆಲ್ಲನ ಆಕ್ಷೇಪಣೆಗೆ ಇದೊಂದು ಸಮಾಧಾನ. ಭೂಪಟದ ಪ್ರಭಾವವು ಇನ್ನೂ ಆಳವಾದುದು. ಕೂಲಿಮಠದ ಹುಡುಗನಿಗೆ ಭೂಗೋಳವೆಂದರೆ ಪುರಾಣದ ಸಪ್ತದ್ವೀಪಗಳು, ಇಲ್ಲವೇ ಸಂತೆಗೆ ಹೋಗುವ ದಾರಿ. ಗೋಡೆಗೆ ತೂಗಿದ ಪಟದಲ್ಲಿ ತನ್ನ ತಾಲ್ಲೂಕು, ಅದರ ಸುತ್ತ ಸಂಸ್ಥಾನ, ಅದರ ಸುತ್ತ ಭಾರತ, ಅದರಾಚೆ ಸಮುದ್ರ ಹೀಗೆ ಒಂದರ ಸುತ್ತ ಒಂದಾಗಿ ಕಂಡ ಮಗುವಿಗೆ ತಾನು ಎಲ್ಲಿದ್ದೇನೆಂಬ ಅರಿವು ಹೊಸದಾಗಿ ಹುಟ್ಟಿತು.

ಕಾಲಕ್ರಮದಲ್ಲಿ ಮೈಸೂರಿನ ಶಾಲೆಗಳು ನಾಲ್ಕು ವರ್ಷದ ಪ್ರಾಥಮಿಕ, ನಾಲ್ಕು ವರ್ಷದ ಮಿಡ್ಲ್ ಸ್ಕೂಲು ಎಂಬ ವಿಭಾಗಕ್ಕೆ ಬಂದುವು. ಮಿಡ್ಲ್ ಸ್ಕೂಲಿನ ಕೊನೆಗೆ ನಡೆಯುತ್ತಿದ್ದುದು ಲೋಯರ್ ಸೆಕೆಂಡರಿ ಪರೀಕ್ಷೆ. ಜನರ ಬಾಯಲ್ಲಿ ಅದು ಎಲ್. ಎಸ್. ಕನ್ನಡ ಎಲ್. ಎಸ್. ಮುಗಿಸಿದವನು ಹಳ್ಳಿಯ ಶಾಲೆಗೆ ಉಪಾಧ್ಯಾಯನಾಗಬಹುದಾಗಿದ್ದಿತು, ಕಚೇರಿಯಲ್ಲಿ ಗುಮಾಸ್ತೆಯಾಗಬಹುದಾಗಿದ್ದಿತು. ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಾಪುರಗಳ ಕಡೆ ಕನ್ನಡ ಏಳನೆಯ ಇಯತ್ತೆಯ ಕೊನೆಗೆ ಇದೇ ಸ್ಥಾನದಲ್ಲಿದ್ದುದು ಮುಲ್ಕಿ ಪರೀಕ್ಷೆ. ಮದರಾಸಿಗೆ ಸೇರಿದ್ದ ದಕ್ಷಿಣ ಕನ್ನಡ, ಕಾಸರಗೋಡುಗಳಲ್ಲಿ ಎಂಟನೆಯ ತರಗತಿಯ ಇ. ಎಸ್. ಎಲ್. ಸಿ. ಒಂದೊಂದು ಸೀಮೆಯಲ್ಲಿ ಒಂದೊಂದು ಹೆಸರು. ಆದರೆ ಮೂರು ಕಡೆಯೂ ಈ ಪರೀಕ್ಷೆಯು ಬಾಗಿಲಿನಂತಿದ್ದಿತು. ಬಾಗಿಲ ಆಚೆ ಇದ್ದುದು ಇನ್ನೊಂದು ಶಾಲೆಯಲ್ಲ, ಜೀವನ. ಮುಲ್ಕಿ ಆದವನೆಂದರೆ ಊರಿನಲ್ಲಿ ನಾಲ್ಕು ಜನರು ಕಾಗದ ಓದಿಸಿಕೊಳ್ಳಲು ಹುಡುಕಿಕೊಂಡು ಬರುವವನು. ಪಂಚಾಯಿತಿಯಲ್ಲಿ ಲೆಕ್ಕ ಹೇಳುವವನು. ಶ್ರಾವಣಮಾಸದಲ್ಲಿ ಜೈಮಿನಿ ಭಾರತವನ್ನು ಓದಿ ಅರ್ಥ ಹೇಳುವವನು.

ಆ ಕಾಲದ ಕಡೆಯ ತರಗತಿಗಳ ಪಾಠವನ್ನು ನೋಡಿದರೆ ಕೂಲಿಮಠದ ಬುತ್ತಿಯು ಹೊಸ ಪಾತ್ರೆಯಲ್ಲಿ ಬಂದಿರುವುದು ಕಾಣುತ್ತದೆ. ಉಕ್ತಲೇಖನ, ಕಾಪಿ ಬರಹ, ಪತ್ರಲೇಖನ, ಅರ್ಜಿಯ ಒಕ್ಕಣೆ ಇವು ಐಗಳ ಮೂರನೆಯ ಪಾಠದ ಸಂತತಿ. ಗಣಿತದಲ್ಲಿ ಕಿರೀಟಪ್ರಾಯವಾಗಿದ್ದುದು ತ್ರೈರಾಶಿ. ಇದು ಪಾಶ್ಚಾತ್ಯರಿಂದ ಬಂದ ಲೆಕ್ಕವಲ್ಲ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹದಲ್ಲಿ ಇದನ್ನು ವಿಸ್ತಾರವಾಗಿ ನಿರೂಪಿಸಿದ್ದಾನೆ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತವೆಂಬ ಗ್ರಂಥವನ್ನು ಕನ್ನಡದಲ್ಲಿಯೇ ರಚಿಸಿದನು. 1150ರ ಭಾಸ್ಕರಾಚಾರ್ಯನ ಲೀಲಾವತಿಯು ಸಂಸ್ಕೃತ ಪಾಠಶಾಲೆಗಳಲ್ಲಿ ಸುಪರಿಚಿತವಾದುದು. ತಿಳಿದ ಮೂರು ರಾಶಿಗಳಿಂದ ತಿಳಿಯದ ನಾಲ್ಕನೆಯದನ್ನು ಕಂಡುಹಿಡಿಯುವುದೇ ತ್ರೈರಾಶಿ. ಅದಕ್ಕೆ ಕಾಲವೂ ಕೂಡಿದರೆ ಪಂಚರಾಶಿ. ನೂರು ರೂಪಾಯಿಗೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿಯಾದರೆ ಎಪ್ಪತ್ತೈದು ರೂಪಾಯಿಗೆ ಎಂಟು ತಿಂಗಳಿಗೆಷ್ಟು ಎಂದರೆ, ಎಪ್ಪತ್ತೈದನ್ನು ಎಂಟರಿಂದ ಗುಣಿಸಿ ನೂರರಿಂದ ಭಾಗಿಸಿ ಆರು ರೂಪಾಯಿ ಎಂದು ಹುಡುಗನು ಬಾಯಲ್ಲಿಯೇ ಹೇಳಬೇಕಾಗಿದ್ದಿತು. ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ, ಖಂಡುಗಕ್ಕೆ ಇಪ್ಪತ್ತು ಕೊಳಗ, ಮಣಕ್ಕೆ ನಲವತ್ತು ಸೇರು ಎಂಬ ಕೋಷ್ಟಕಗಳು ಹೀಗೆ ಬಾಯಲ್ಲಿ ನಿಂತುದರಿಂದಲೇ ಸಂತೆಯಲ್ಲಿ ಅವನನ್ನು ಯಾರೂ ಏಮಾರಿಸಲಾರದವರಾದರು. ವಿದ್ಯೆಯ ಬೆಲೆಯನ್ನು ಹಳ್ಳಿಯ ತಂದೆಯು ಅಳೆಯುತ್ತಿದ್ದುದು ಇದರಿಂದಲೇ.

ಭಾಷೆಯ ಪಾಠದಲ್ಲಿ ಬಂದ ಸುಧಾರಣೆಯನ್ನು ಇಲ್ಲಿ ಹೇಳದಿರಲಾಗದು. ಮಗುವಿನ ಬುದ್ಧಿಗೆ ಎಟುಕುವ ಕನ್ನಡವನ್ನು ಮಗುವಿಗೆ ಕೊಡಬೇಕೆಂದು ದುಡಿದವರಲ್ಲಿ ಪಂಜೆ ಮಂಗೇಶರಾಯರು ಅಗ್ರಗಣ್ಯರು. 1874ರಲ್ಲಿ ಬಂಟವಾಳದಲ್ಲಿ ಹುಟ್ಟಿ, ಉಪಾಧ್ಯಾಯರಾಗಿಯೂ ಶಾಲೆಗಳ ಇನ್ಸ್‌ಪೆಕ್ಟರಾಗಿಯೂ ಊರೂರು ಸುತ್ತಿ, ಮಕ್ಕಳು ಎಲ್ಲಿ ಎಡವುತ್ತಾರೆಂಬುದನ್ನು ಪ್ರತ್ಯಕ್ಷವಾಗಿ ಕಂಡು, ಅವರಿಗಾಗಿ ಕಥೆಗಳನ್ನೂ ಹಾಡುಗಳನ್ನೂ ಪಾಠಗಳನ್ನೂ ರಚಿಸಿದವರು ಅವರು. ಗಿಣಿಪಾಠದ ಕಾಲವು ಮುಗಿದು ತಿಳಿವಳಿಕೆಯ ಪಾಠದ ಕಾಲವು ಮೊದಲಾದುದಕ್ಕೆ ಇಂಥ ಮಹನೀಯರ ಶ್ರಮವೇ ಕಾರಣ.

ಆದರೆ ಬಾಗಿಲು ಚೆನ್ನಾಗಿದ್ದರೆ ಸಾಲದು. ಅದು ಯಾರಿಗೆ ತೆರೆದಿದ್ದಿತೆಂಬುದನ್ನೂ ಕೇಳಬೇಕು. ಹೆಣ್ಣುಮಕ್ಕಳಿಗೆ ಮೈಸೂರಿನಲ್ಲಿ ಮಹಾರಾಣಿಯವರ ಶಾಲೆಯು ತೆರೆದುದು 1881ರಲ್ಲಿ. ಹಳ್ಳಿಯ ಹೆಣ್ಣುಮಗುವಿಗೆ ಆ ಬೆಳಕು ಮುಟ್ಟಲು ಬಹುಕಾಲ ಹಿಡಿಯಿತು. ಪಂಚಮರೆಂದು ಅಂದು ಕರೆಯಲ್ಪಡುತ್ತಿದ್ದ ಜನರ ಮಕ್ಕಳು ಸರ್ಕಾರದ ಶಾಲೆಯ ಹೊರಗೆ ನಿಂತು ಕೇಳಬೇಕಾದ ಕಾಲವಿದ್ದಿತು. ಮಂಗಳೂರಿನಲ್ಲಿ ಕುದ್ಮಲ್ ರಂಗರಾಯರು ಸ್ವಜನರ ಬಹಿಷ್ಕಾರವನ್ನು ಸಹಿಸಿಕೊಂಡು ಆ ಮಕ್ಕಳಿಗಾಗಿ ಶಾಲೆಗಳನ್ನು ತೆರೆದು, 1897ರಲ್ಲಿ ದೀನವರ್ಗದವರ ಉದ್ಧಾರಕ್ಕಾಗಿ ಸಂಸ್ಥೆಯೊಂದನ್ನು ಕಟ್ಟಿದರು. ಮೈಸೂರಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಪ್ರಾಥಮಿಕ ವಿದ್ಯಾಭ್ಯಾಸದ ಶಾಸನವಾಗಿ, ಆರಿಸಿದ ಕೆಲವು ಸ್ಥಳಗಳಲ್ಲಿ ಕಡ್ಡಾಯ ವಿದ್ಯೆಯು ಜಾರಿಗೆ ಬಂದಿತು. 1915ರ ಸುಮಾರಿನಲ್ಲಿ ಸರ್ಕಾರಿ ಶಾಲೆಗಳಿಗೆ ಎಲ್ಲ ಜಾತಿಯ ಮಕ್ಕಳನ್ನೂ ಸೇರಿಸಬೇಕೆಂದಾದಾಗ ಪ್ರತಿಭಟನೆಗಳೂ ನಡೆದುವು; ಆದರೂ ಆ ಬಾಗಿಲು ಮತ್ತೆ ಮುಚ್ಚಲಿಲ್ಲ. ಕಡೆಯ ತರಗತಿಯ ಪಾಠವು ಎಷ್ಟು ಉತ್ತಮವಾಗಿದ್ದರೂ ಆ ತರಗತಿಯವರೆಗೆ ಬಂದು ಮುಟ್ಟಿದ ಮಕ್ಕಳು ಅಂದು ಕೆಲವರೇ ಎಂಬುದನ್ನು ಒಪ್ಪಲೇಬೇಕು.

ಸ್ವಾತಂತ್ರ್ಯವು ಬಂದ ಮೇಲೆ ಬದಲಾವಣೆಗಳು ತ್ವರಿತವಾದುವು. 1956ರ ನವೆಂಬರ್ 1ರಂದು ಕನ್ನಡ ಸೀಮೆಗಳು ಒಂದಾದಾಗ ಎಲ್. ಎಸ್., ಮುಲ್ಕಿ, ಇ. ಎಸ್. ಎಲ್. ಸಿ. ಎಂಬ ಬೇರೆ ಬೇರೆ ಪದ್ಧತಿಗಳನ್ನು ಒಂದು ಅಚ್ಚಿಗೆ ಹೊಯ್ಯಬೇಕಾಯಿತು. 1957ರ ಏಪ್ರಿಲ್ 1ರಂದು ನಯೆ ಪೈಸೆಯು ಬಂದಿತು; ಅದರ ಹಿಂದೆಯೇ ಕಿಲೋಗ್ರಾಮು, ಲೀಟರು, ಮೀಟರುಗಳು ಬಂದುವು. ನಾಲ್ಕರಿಂದ ಇಳಿಯುತ್ತಿದ್ದ ಭಿನ್ನರಾಶಿಯು ಹತ್ತರಿಂದ ಇಳಿಯತೊಡಗಿತು. ವೀಸ, ಕಾಣಿಗಳು ಬಾಯಿಪಾಠದಿಂದ ಹೊರಟುಹೋದುವು. ಹಲವು ತಲೆಮಾರುಗಳು ಬೆವರು ಸುರಿಸಿ ಕಲಿತ ಕೋಷ್ಟಕಗಳು ಕೆಲವೇ ವರ್ಷಗಳಲ್ಲಿ ನಿರುಪಯೋಗವಾದುವು. 1961ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನಾಯಿತು. ಏಳು ವರ್ಷದ ಪ್ರಾಥಮಿಕ ಶಾಲೆ, ಅದರ ಕೊನೆಗೆ ಏಳನೆಯ ತರಗತಿಯ ಪಬ್ಲಿಕ್ ಪರೀಕ್ಷೆ ಎಂಬ ಕ್ರಮವು ನೆಲೆಗೊಂಡಿತು. ಪರೀಕ್ಷೆಯ ದಿನ ಬೇರೆ ಊರಿನ ಕೇಂದ್ರಕ್ಕೆ ಹೊಸ ಅಂಗಿ ತೊಟ್ಟು, ಪ್ರವೇಶಪತ್ರವನ್ನು ಜೋಪಾನವಾಗಿ ಹಿಡಿದು ಹೋದುದನ್ನು ಈಗ ನಡುವಯಸ್ಸಿನಲ್ಲಿರುವ ಅನೇಕರು ಬಲ್ಲರು. ಈ ಶತಮಾನದ ಮೊದಲ ದಶಕದಲ್ಲಿ ಆ ಪರೀಕ್ಷೆಯೂ ನಿಂತಿತು. 2009ರಲ್ಲಿ ಆಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾನೂನು ಎಂಟನೆಯ ತರಗತಿಯವರೆಗಿನ ವಿದ್ಯೆಯನ್ನು ಮಗುವಿನ ಹಕ್ಕೆಂದು ಸಾರಿ, ಅಲ್ಲಿಯವರೆಗೆ ಯಾವ ಮಗುವನ್ನೂ ಅದೇ ತರಗತಿಯಲ್ಲಿ ನಿಲ್ಲಿಸಕೂಡದೆಂದು ವಿಧಿಸಿತು. 2019ರ ತಿದ್ದುಪಡಿಯಲ್ಲಿ ಈ ವಿಧಿಯು ಸಡಿಲವಾಯಿತು. ಕರ್ಣಾಟಕದಲ್ಲಿ ಐದು ಮತ್ತು ಎಂಟನೆಯ ತರಗತಿಗಳಿಗೆ ರಾಜ್ಯಮಟ್ಟದ ಮೌಲ್ಯಾಂಕನವನ್ನು ನಡೆಸುವ ಪ್ರಯತ್ನವು 2023ರಲ್ಲಿಯೂ 2024ರಲ್ಲಿಯೂ ನ್ಯಾಯಾಲಯದ ಮೆಟ್ಟಿಲನ್ನು ಹತ್ತಿತು. 2024ರ ಏಪ್ರಿಲ್ ತಿಂಗಳಲ್ಲಿ ಫಲಿತಾಂಶಗಳ ಪ್ರಕಟಣೆಯನ್ನು ಸರ್ವೋಚ್ಚ ನ್ಯಾಯಾಲಯವು ತಡೆಹಿಡಿಯಿತು.

ಈ ವಿವಾದದಲ್ಲಿ ಒಂದು ಪಕ್ಷದವರು ಪರೀಕ್ಷೆಯಿಲ್ಲದಿದ್ದರೆ ಮಕ್ಕಳು ಕಲಿಯುವುದಿಲ್ಲವೆಂದೂ, ಇನ್ನೊಂದು ಪಕ್ಷದವರು ಪರೀಕ್ಷೆಯ ಭಯದಿಂದ ಬಡಮಕ್ಕಳು ಶಾಲೆಯನ್ನು ಬಿಡುವರೆಂದೂ ವಾದಿಸುತ್ತಾರೆ. ಎರಡರಲ್ಲಿಯೂ ಸತ್ಯಾಂಶವುಂಟು. ಆದರೆ ಮೂಲದ ಪ್ರಶ್ನೆಯು ಪರೀಕ್ಷೆ ಇರಬೇಕೆ ಬೇಡವೆ ಎಂಬುದಲ್ಲ. ಕಡೆಯ ವರ್ಷಕ್ಕೆ ತನ್ನದೇ ಆದ ಗುರಿಯೊಂದು ಇದೆಯೆ ಎಂಬುದು. ಐಗಳ ಮಠದಲ್ಲಿಯೂ ಎಲ್. ಎಸ್. ತರಗತಿಯಲ್ಲಿಯೂ ಆ ಗುರಿಯಿದ್ದಿತು. ಏಕೆಂದರೆ ಅದರ ಮುಂದೆ ಶಾಲೆಯಿರಲಿಲ್ಲ. ಈಗ ಮಗುವು ಏಳನೆಯದರಿಂದ ಎಂಟನೆಯದಕ್ಕೆ, ಅಲ್ಲಿಂದ ಹತ್ತನೆಯದಕ್ಕೆ ಏರುತ್ತದೆ. ಪ್ರಾಥಮಿಕದ ಕೊನೆಯು ಕೊನೆಯೇ ಅಲ್ಲ, ನಡುವಿನ ಒಂದು ಮೆಟ್ಟಿಲು. ಇದು ದೊಡ್ಡ ಲಾಭ. ಇದನ್ನು ಯಾವ ಕಾರಣಕ್ಕೂ ಬಿಟ್ಟುಕೊಡಲಾಗದು. 2011ರ ಜನಗಣತಿಯಲ್ಲಿ ಕರ್ಣಾಟಕದ ಅಕ್ಷರಸ್ಥರು ನೂರಕ್ಕೆ 75.36. ಜನಸಂಖ್ಯೆಯಲ್ಲಿ ನೂರಕ್ಕೆ ಒಬ್ಬರೂ ಶಾಲೆಯಲ್ಲಿಲ್ಲದಿದ್ದ ಕ್ಯಾಂಪ್‌ಬೆಲ್ಲನ ಕಾಲದಿಂದ ಇಲ್ಲಿಗೆ ಬಂದ ದೂರವನ್ನು ನೆನೆದರೆ ಆಶ್ಚರ್ಯವಾಗುವುದು. ಆದರೆ ಲಾಭದೊಡನೆ ಒಂದು ನಷ್ಟವೂ ಕೂಡಿಬಂದಿದೆ: ಮುಂದಿನ ತರಗತಿಯಲ್ಲಿ ಕಲಿಯುವುದಲ್ಲವೆ ಎಂಬ ಧೈರ್ಯದಿಂದ ಈ ತರಗತಿಯಲ್ಲಿ ಕಲಿಯಬೇಕಾದುದನ್ನು ಮುಂದಕ್ಕೆ ತಳ್ಳುವ ಅಭ್ಯಾಸ. ಏಳನೆಯ ತರಗತಿಯಲ್ಲಿ ಕುಳಿತಿದ್ದರೂ ಒಂದು ಪುಟವನ್ನು ತಡವರಿಸದೆ ಓದಲಾರದ ಮಗುವನ್ನು ಕಂಡ ಉಪಾಧ್ಯಾಯರು ವಿರಳರಲ್ಲ.

ಈಗಿನ ಪಠ್ಯಕ್ರಮವು ಬಡವಾದುದೆಂದು ಇದರ ಅರ್ಥವಲ್ಲ. ಪ್ರಾಥಮಿಕದ ಕಡೆಯ ತರಗತಿಗಳಲ್ಲಿ ಮಗುವು ಕನ್ನಡ, ಇಂಗ್ಲಿಷ್, ಹಿಂದಿ ಎಂಬ ಮೂರು ಭಾಷೆಗಳನ್ನು ಓದುತ್ತದ್ದೆ. ಪೂರ್ಣಾಂಕ, ಭಾಗಲಬ್ಧ ಸಂಖ್ಯೆ, ಸರಳ ಸಮೀಕರಣ, ತ್ರಿಭುಜದ ಲಕ್ಷಣ, ಶೇಕಡಾ, ಕ್ಷೇತ್ರಫಲಗಳನ್ನು ಕಲಿಯುತ್ತದೆ. ಸಸ್ಯಗಳ ಆಹಾರ, ಶಾಖ, ಆಮ್ಲ ಕ್ಷಾರಗಳು, ಬಳಸಿಬಿಟ್ಟ ನೀರಿನ ಶುದ್ಧೀಕರಣ, ಸ್ವಾತಂತ್ರ್ಯ ಸಂಗ್ರಾಮ, ಸಂವಿಧಾನ ಇವೆಲ್ಲವೂ ಪಾಠದಲ್ಲಿ ಬರುತ್ತವೆ. ಎಲ್. ಎಸ್. ಕಾಲದ ಉಪಾಧ್ಯಾಯನಿಗೂ ತಿಳಿಯದಿದ್ದ ಎಷ್ಟೋ ಸಂಗತಿಗಳು ಈಗ ಹನ್ನೆರಡು ವಯಸ್ಸಿನ ಮಗುವಿನ ಪುಸ್ತಕದಲ್ಲಿವೆ. ತ್ರೈರಾಶಿಯು ಹೆಸರನ್ನು ಬದಲಾಯಿಸಿಕೊಂಡು ಅನುಪಾತವಾಗಿ ಉಳಿದಿದೆ. ಬುತ್ತಿಯಲ್ಲಿ ಪದಾರ್ಥಗಳು ಹೆಚ್ಚಿವೆ. ಅದನ್ನು ಎಲ್ಲಿ ಬಿಚ್ಚಿ ಉಣ್ಣಬೇಕೆಂಬುದು ಮಾತ್ರ ಮಗುವಿಗೆ ತಿಳಿಯದು.

ಜಕ್ಕೂರಿನ ದೃಷ್ಟಾಂತದಿಂದ ಇದು ಸ್ಪಷ್ಟವಾಗುವುದು. ಆ ಹಳ್ಳಿ ಈಗ ಹಳ್ಳಿಯಲ್ಲ. 1948ರಲ್ಲಿ ಅಲ್ಲಿ ವಿಮಾನ ಚಾಲನೆಯನ್ನು ಕಲಿಸುವ ಶಾಲೆಯು ಬಂದಿತು. 1989ರಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವು ಅಲ್ಲಿ ನೆಲೆಸಿತು. 2007ರಲ್ಲಿ ಆ ಪ್ರದೇಶವು ಬೆಂಗಳೂರು ಮಹಾನಗರದ ಆಡಳಿತಕ್ಕೆ ಸೇರಿತು. ರಾಗಿಯ ಹೊಲಗಳ ಮೇಲೆ ಮನೆಗಳೆದ್ದುವು. ಕೆರೆ ಮಾತ್ರ ಉಳಿಯಿತು, ಅದೂ ಒಂದು ಹೊಸ ಬಗೆಯಲ್ಲಿ. ದಿನವೊಂದಕ್ಕೆ 1 ಕೋಟಿ ಲೀಟರು ಕೊಳಚೆ ನೀರನ್ನು ಶುದ್ಧಿಮಾಡುವ ಸಾಮರ್ಥ್ಯದೊಡನೆ ಸ್ಥಾಪಿತವಾದ ಯಂತ್ರಾಗಾರದಿಂದ ಹೊರಬಂದ ನೀರು, ಜೊಂಡು ಬೆಳೆದ ತೇವದ ನೆಲದ ಮೂಲಕ ಹರಿದು, ಇನ್ನಷ್ಟು ತಿಳಿಯಾಗಿ ಕೆರೆಗೆ ಸೇರುವಂತೆ ಏರ್ಪಾಡಾಯಿತು. ನಗರದ ಕೊಳಚೆಯೇ ಕೆರೆಗೆ ಜೀವಜಲವಾದುದು ದೇಶದ ಬೇರೆಡೆಯವರೂ ಬಂದು ನೋಡುವ ಸಂಗತಿಯಾಯಿತು.

ಈ ಕೆರೆಯ ಏರಿಯ ಮೇಲೆ ಕಡೆಯ ತರಗತಿಯ ಮಗುವನ್ನು ನಿಲ್ಲಿಸಿ ಒಂದೇ ಪ್ರಶ್ನೆಯನ್ನು ಕೇಳಬಹುದು: ಒಂದು ಸೆಂಟಿಮೀಟರು ಮಳೆ ಬಿದ್ದರೆ ಕೆರೆಯ ಮೈಮೇಲೆಯೇ ನೇರವಾಗಿ ಬಿದ್ದ ನೀರೆಷ್ಟು? ಎಕರೆಗೆ ಸುಮಾರು 4,047 ಚದರ ಮೀಟರಿನಂತೆ 160 ಎಕರೆಗೆ ಸುಮಾರು 6,47,000 ಚದರ ಮೀಟರು. ಅದರ ಮೇಲೆ ಒಂದು ಸೆಂಟಿಮೀಟರು ನೀರೆಂದರೆ 6,470 ಘನ ಮೀಟರು. ಘನ ಮೀಟರಿಗೆ ಸಾವಿರ ಲೀಟರಿನಂತೆ ಸುಮಾರು 65 ಲಕ್ಷ ಲೀಟರು. ಯಂತ್ರಾಗಾರವು ಒಂದು ದಿನದಲ್ಲಿ ಶುದ್ಧಿಮಾಡಬಲ್ಲ ನೀರಿನ ಮೂರನೆಯ ಎರಡು ಪಾಲಿಗೂ ಇದು ಕಡಿಮೆ. ಈ ಒಂದು ಲೆಕ್ಕದಲ್ಲಿ ಕ್ಷೇತ್ರಫಲವೂ, ದಶಮಾಂಶವೂ, ಅನುಪಾತವೂ, ನೀರಿನ ಪಾಠವೂ, ಊರಿನ ಚರಿತ್ರೆಯೂ, ಪೌರನ ಕರ್ತವ್ಯವೂ ಅಡಗಿವೆ. ಇವುಗಳಲ್ಲಿ ಒಂದೂ ಪುಸ್ತಕದಲ್ಲಿ ಇಲ್ಲದ್ದಲ್ಲ. ಆದರೆ ಬೇರೆ ಬೇರೆ ಪುಸ್ತಕಗಳ ಬೇರೆ ಬೇರೆ ಅಧ್ಯಾಯಗಳಲ್ಲಿ ಚದರಿರುವುವು. ಚದರಿದುದನ್ನು ಕೂಡಿಸಿ ತನ್ನ ಊರಿಗೆ ತಾಕಿಸುವ ಕೆಲಸವು ಕಡೆಯ ವರ್ಷದ್ದಾಗಬೇಕು.

ಐಗಳ ನಾಲ್ಕು ಪಾಠಗಳಿಗೆ ಈ ಕಾಲದ ರೂಪವನ್ನು ಕೊಡುವುದು ಕಷ್ಟವಲ್ಲ. ಅಂದಿನ ಕೈಬರಹದ ಓದಿಗೆ ಬದಲಾಗಿ ಇಂದು ಪಹಣಿ, ವಿದ್ಯುಚ್ಛಕ್ತಿಯ ಬಿಲ್ಲು, ಬ್ಯಾಂಕಿನ ಪಾಸ್‌ಪುಸ್ತಕ, ಔಷಧದ ಚೀಟಿ, ಸರ್ಕಾರದ ಪ್ರಕಟನೆ ಇವನ್ನು ಓದಿ ಅರ್ಥಮಾಡಿಕೊಳ್ಳುವುದು. ಅಂದಿನ ಪತ್ರದ ಒಕ್ಕಣೆಗೆ ಬದಲಾಗಿ ತನ್ನ ಮಾತನ್ನು ತಾನೇ ಕನ್ನಡದಲ್ಲಿ ಸ್ಪಷ್ಟವಾಗಿ ಬರೆಯುವುದು. ಅರ್ಜಿಯನ್ನು ಇನ್ನೊಬ್ಬರಿಂದ ಬರೆಯಿಸದಿರುವುದು. ವೀಸ ಕಾಣಿಗಳಿಗೆ ಬದಲಾಗಿ ಶೇಕಡಾ ಬಡ್ಡಿಯ ಲೆಕ್ಕ. ಸಾಲವನ್ನು ಕೊಡುವವನು ಸಾಹುಕಾರನಾಗಲಿ ಕೈಯಲ್ಲಿ ಹಿಡಿದ ಯಂತ್ರವಾಗಲಿ, ಬಡ್ಡಿಯನ್ನು ತಿಳಿಯದವನು ಎರಡರ ಕೈಯಲ್ಲಿಯೂ ಮೋಸಹೋಗುವನು. ನಾಲ್ಕನೆಯದಕ್ಕೆ ಬದಲಿ ಬೇಡ: ಹಳೆಯ ಕಾವ್ಯದ ನಾಲ್ಕು ಪದ್ಯಗಳನ್ನು, ಈ ಸಲ ಅರ್ಥಸಹಿತವಾಗಿ, ಕಂಠದಲ್ಲಿ ನಿಲ್ಲಿಸುವುದು. ಅರ್ಥವನ್ನು ತಿಳಿದು ಕಂಠಸ್ಥಮಾಡಿದುದು ಗಿಣಿಪಾಠವಾಗುವುದಿಲ್ಲ, ಮುಪ್ಪಿನಲ್ಲಿಯೂ ಕೈಬಿಡದ ಸಂಗಾತಿಯಾಗುತ್ತದೆ.

ಬೆಂಗಳೂರಿನ ಉತ್ತರ ಭಾಗದ ಶಾಲೆಗಳಲ್ಲಿ ಕುಳಿತಿರುವ ಮಕ್ಕಳಲ್ಲಿ ಮನೆಯಲ್ಲಿ ತೆಲುಗನ್ನು, ತಮಿಳನ್ನು, ಉರ್ದುವನ್ನು ಆಡುವವರುಂಟು. ಕಟ್ಟಡದ ಕೆಲಸವನ್ನು ಹುಡುಕಿಕೊಂಡು ದೂರದ ಜಿಲ್ಲೆಗಳಿಂದ ಬಂದ ತಂದೆತಾಯಿಗಳ ಮಕ್ಕಳುಂಟು. ಕೆಲಸವು ಮುಗಿದೊಡನೆ ಅವರ ಸಂಸಾರಗಳು ಮತ್ತೊಂದು ಕಡೆಗೆ ಹೊರಡುವುವು. ಅಂಥ ಮಗುವಿಗೆ ಯಾವ ವರ್ಷವು ಕಡೆಯ ವರ್ಷವಾಗುವುದೋ ಯಾರೂ ಹೇಳಲಾರರು. ಹಕ್ಕು ಎಂಟು ವರ್ಷದ್ದಾದರೂ ಬಡತನವು ಈಗಲೂ ನಡುವೆ ಕೈಹಾಕುತ್ತದೆ. ಹೀಗಿರುವುದರಿಂದ ಮುಂದಿನ ತರಗತಿಯು ಎಲ್ಲರಿಗೂ ಇದ್ದೇ ಇರುವುದೆಂಬ ನಂಬಿಕೆಯ ಮೇಲೆ ಪಾಠವನ್ನು ಕಟ್ಟುವುದು, ಹೆಚ್ಚಾಗಿ ಯಾರಿಗೆ ವಿದ್ಯೆಯು ಬೇಕೋ ಅವರಿಗೇ ಅನ್ಯಾಯವಾಗುತ್ತದೆ. ಅನುಕೂಲಸ್ಥರ ಮಗುವು ಏಳರಲ್ಲಿ ಬಿಟ್ಟುದನ್ನು ಹತ್ತರಲ್ಲಿ ತುಂಬಿಕೊಳ್ಳುವುದು. ಇನ್ನೊಂದಕ್ಕೆ ಆ ಹತ್ತು ಬರುವುದೇ ಸಂದೇಹ.

ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯಿಸಿಕೊಂಡು ಮಠದೊಳಕ್ಕೆ ಬಂದ ಹುಡುಗನು ಹೊರಡುವಾಗ ಕೈಯಲ್ಲಿ ಕರಾರು ಪತ್ರವನ್ನು ಬರೆಯಬಲ್ಲವನಾಗಿ ಹೊರಟನು. ಅವನೊಡನೆ ಬರಬೇಕಾಗಿದ್ದ ನೂರಾರು ಮಂದಿ ಬರಲಿಲ್ಲವೆಂಬುದು ಆ ಕಾಲದ ಪಾಪ. ಈ ಕಾಲದಲ್ಲಿ ಎಲ್ಲರೂ ಬಂದಿದ್ದಾರೆ. ಹೊರಡುವಾಗ ಅವರ ಕೈಯಲ್ಲಿ ಏನಿದೆಯೆಂಬುದನ್ನು ನೋಡುವುದು ಈ ಕಾಲದ ಹೊಣೆ. ಪ್ರತಿಯೊಂದು ಶಾಲೆಯೂ ತನ್ನ ಕಡೆಯ ತರಗತಿಯ ಮಕ್ಕಳನ್ನು, ಇವರು ಮತ್ತೆ ಯಾವ ಶಾಲೆಗೂ ಹೋಗಲಾರರೋ ಎಂಬಂತೆ ಕಲಿಸಿ, ಇವರು ಎಲ್ಲ ಶಾಲೆಗಳಿಗೂ ಹೋಗಲಿ ಎಂದು ಹರಸಿ ಕಳುಹಿಸುವುದಾದರೆ, ಶೀಕ್ಷಾವಲ್ಲಿಯ ಆಚಾರ್ಯನ ಮನಸ್ಸು ಜಕ್ಕೂರಿನಂಥ ಊರುಗಳಲ್ಲಿಯೂ ಇನ್ನೂ ಉಳಿದಿದೆಯೆಂದು ಹೇಳಬಹುದು.